ಲೈಬ್ರರಿಗೆ ಕಂಪ್ಯೂಟರ್ ಕೊಟ್ಟಿದ್ದೀರಿ, ಲೈಬ್ರರಿ ನಡೆಸುವವರಿಗೆ ಕಲಿಯಲು ಸಮಯ ಕೊಡಿ

ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಮತ್ತು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ನಮ್ಮ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಆದರೆ ಈ ಪತ್ರ ಕಾಲೇಜಿನ ಪರವಾಗಿ ಬರೆದದ್ದಲ್ಲ. ಹಳ್ಳಿ ಲೈಬ್ರರಿಗಳ ಮೇಲ್ವಿಚಾರಕರು, ತಾಲ್ಲೂಕು ಗ್ರಂಥಾಲಯಗಳ ಸಿಬ್ಬಂದಿ, ನನ್ನ ಹಾಗೆ ಕಾಲೇಜುಗಳಲ್ಲಿ ಕೆಲಸ ಮಾಡುವವರು, ನಾವೆಲ್ಲ ಸಿಕ್ಕಾಗ ಮಾತಾಡಿಕೊಳ್ಳುವುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಕೋರಿಕೆ ಒಂದೇ. ಗ್ರಂಥಾಲಯಗಳನ್ನು ಡಿಜಿಟಲ್ ಮಾಡಲು ಎತ್ತಿಡುವ ದುಡ್ಡಿನಲ್ಲಿ ಒಂದು ಪಾಲನ್ನು ಅಲ್ಲಿ ಕೂತು ಕೆಲಸ ಮಾಡುವವರ ಕಲಿಕೆಗೆ ಮೀಸಲಿಡಿ. ಕಲಿಸುವುದು ಮುಕ್ತ ತಂತ್ರಾಂಶವಾಗಿರಲಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದದ್ದು. ಯಾವುದೋ ಕಂಪನಿ ಬೀಗ ಹಾಕಿಟ್ಟುಕೊಂಡ ತಂತ್ರಾಂಶ ಬೇಡ.

ಆಗಿರುವ ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಎಷ್ಟೋ ಕಡೆ ಚಿತ್ರಣವೇ ಬದಲಾಗಿದೆ. ಅರಿವು ಕೇಂದ್ರ ಅಂತ ಹೊಸ ಹೆಸರು ಬಂತು. ಗೋಡೆಗೆ ಬಣ್ಣ ಬಂತು, ಮಕ್ಕಳು ಬಂದರು, ಕಂಪ್ಯೂಟರ್ ಮತ್ತು ಟಿವಿ ಬಂದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರು ತಮ್ಮ ಊರಲ್ಲೇ ಕೂತು ಓದುತ್ತಿದ್ದಾರೆ. ಇದನ್ನು ಕಣ್ಣಾರೆ ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. 2020ರಿಂದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ಇದೆ, ಮೊಬೈಲಿನಲ್ಲೇ ಓದಬಹುದು.

ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ನಿಮ್ಮ ಲೈಬ್ರರಿಯಲ್ಲಿ ಯಾವ ಪುಸ್ತಕ ಇದೆ ಅಂತ ಈ ಕಂಪ್ಯೂಟರಿನಲ್ಲಿ ಹುಡುಕಬಹುದಾ? ಹೆಚ್ಚಿನ ಕಡೆ ಉತ್ತರ ಒಂದೇ: ಇಲ್ಲ, ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪುಸ್ತಕಗಳನ್ನು ಕೈಯಲ್ಲಿ ಬರೆದಿಟ್ಟ ದಾಖಲೆ, ನೋಡಬೇಕು. ಓದುಗರು ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ಎಳೆದು ನೋಡುತ್ತಾರೆ. ಪಕ್ಕದ ಊರಿನ ಲೈಬ್ರರಿಯಲ್ಲಿ ಅದೇ ಪುಸ್ತಕ ಸುಮ್ನೆ ಕೂತಿದ್ದರೂ ಇಲ್ಲಿನವರಿಗೆ ಗೊತ್ತಾಗುವುದಿಲ್ಲ. ಲೈಬ್ರರಿ ಡಿಜಿಟಲ್ ಆಯಿತು ಅನ್ನಬೇಕಾದರೆ ಮೊದಲು ಆಗಬೇಕಾದ ಕೆಲಸ ಇದೇ ಅಲ್ವಾ?

ತಂತ್ರಾಂಶ ಕೊಂಡರೆ ಆಯಿತಲ್ಲ ಅನ್ನಬಹುದು. ಕೊಂಡ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಖಾಸಗಿ ಕಂಪನಿಯ ತಂತ್ರಾಂಶ ಇತ್ತು. ವರ್ಷ ವರ್ಷ ಎಎಂಸಿ, ಅಂದರೆ ನಿರ್ವಹಣೆಯ ಶುಲ್ಕ, ಕಟ್ಟುತ್ತಿದ್ದರು. ಏನಾದರೂ ಕೆಟ್ಟರೆ ಬೆಂಗಳೂರಿಗೆ ಫೋನ್ ಮಾಡಿ, ಹುಡುಗ ಬರುವವರೆಗೆ ಕಾಯಬೇಕಿತ್ತು. ಒಂದು ವರ್ಷ ಫೋನ್ ಎತ್ತುವವರೇ ಇರಲಿಲ್ಲ. ಕಂಪನಿ ಮುಚ್ಚಿತ್ತು. ಹಳೇ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ತಂತ್ರಾಂಶ ಹಾಕಲು ಕೀ ಬೇಕಾಯಿತು. ಅದನ್ನು ಕೊಡುವವರು ಯಾರೂ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ನಮ್ಮ ಪುಸ್ತಕಗಳ ಮಾಹಿತಿ ಪೂರ್ತಿ ಇತ್ತು, ಆದರೆ ಡೇಟಾಬೇಸಿಗೆ ಅವರ ಪಾಸ್‌ವರ್ಡ್. ಕೊನೆಗೆ ಮತ್ತೆ ರಿಜಿಸ್ಟರ್ ತೆಗೆದು ಮೊದಲ ಪುಸ್ತಕದಿಂದ ಟೈಪ್ ಮಾಡಲು ಕೂತೆವು. ನಾವೇ ಟೈಪ್ ಮಾಡಿದ ಮಾಹಿತಿ ನಮಗೇ ಸಿಗಲಿಲ್ಲ. ಆ ಸಂಕಟ ಇನ್ನೊಬ್ಬ ಲೈಬ್ರರಿಯನ್ನಿಗೆ ಬರಬಾರದು ಅನ್ನುವುದು ಈ ಪತ್ರಕ್ಕೆ ಒಂದು ಕಾರಣ.

ಇದಕ್ಕೆ ದಾರಿ ಹುಡುಕಿದ್ದು ಒಂದು ಸಣ್ಣ ಊರಿನ ಲೈಬ್ರರಿಯೇ. ನ್ಯೂಜಿಲೆಂಡಿನಲ್ಲಿ ಹೊರೊವೆನುವಾ ಅನ್ನುವ ಕಡೆ ಒಂದು ಗ್ರಂಥಾಲಯ ಟ್ರಸ್ಟ್ ಇತ್ತು. 1999ರಲ್ಲಿ ಅವರ ತಂತ್ರಾಂಶ ತುಂಬಾ ಹಳತಾಗಿತ್ತು. 2000ನೇ ಇಸವಿ ಬಂದರೆ ಅದಕ್ಕೆ ತಾರೀಖು ಅರ್ಥವಾಗದೆ ನಿಂತು ಹೋಗುವ ಭಯವಿತ್ತು. ಅವರು ಮತ್ತೊಂದು ತಂತ್ರಾಂಶ ಕೊಳ್ಳಲಿಲ್ಲ. ಅಲ್ಲಿನ ಕಟಿಪೊ ಅನ್ನುವ ಸಣ್ಣ ಕಂಪನಿಯಿಂದ ತಮಗೆ ಬೇಕಾದ ಹಾಗೆ ಬರೆಸಿಕೊಂಡರು. 2000ದ ಜನವರಿಯಲ್ಲಿ ಬಳಕೆ ಶುರುವಾಯಿತು. ಆಮೇಲೆ ಅದರ ಮೂಲ ಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಲಿ ಅಂತ ಬಿಟ್ಟುಕೊಟ್ಟರು. ಅದೇ ಕೊಹಾ. ಇವತ್ತು ಜಗತ್ತಿನ ಸಾವಿರಾರು ಗ್ರಂಥಾಲಯಗಳು ಅದನ್ನು ಬಳಸುತ್ತಿವೆ. ನಮ್ಮ ದೇಶದ ಎಷ್ಟೋ ವಿಶ್ವವಿದ್ಯಾಲಯ, ಕಾಲೇಜುಗಳಲ್ಲೂ ಇದೆ. ಯಾವ ಒಂದು ಕಂಪನಿ ಮುಚ್ಚಿದರೂ ಕೊಹಾ ಮುಚ್ಚುವುದಿಲ್ಲ. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ.

ಖರ್ಚೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಿಮಗೂ ಮೋಸ, ನಮಗೂ ಮೋಸ. ಕೊಹಾ ಲಿನಕ್ಸ್ ಮೇಲೆ ನಡೆಯುತ್ತದೆ. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶ. ಒಂದು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು, ದಿನವೂ ಬ್ಯಾಕಪ್ ಆಗಬೇಕು. ಕರೆಂಟ್ ಹೋದಾಗ ಯುಪಿಎಸ್ ಬೇಕು. ಈ ಖರ್ಚು ಹೇಗೂ ಇರುತ್ತದೆ. ವ್ಯತ್ಯಾಸ ಏನು ಅಂದರೆ, ಲೈಸೆನ್ಸಿಗೆ ಹೋಗುವ ದುಡ್ಡು ಉಳಿಯುತ್ತದೆ, ಅದನ್ನು ನಮ್ಮ ಜನಕ್ಕೆ ಕಲಿಸಲು ಹಾಕಬಹುದು. ಕಲಿತವರು ಜಿಲ್ಲೆಯಲ್ಲೇ ಇರುತ್ತಾರೆ.

ಕೇಂದ್ರ ಸರ್ಕಾರದ ಮಾಹಿತಿ ಕೇಂದ್ರವಾದ ಎನ್‌ಐಸಿಯ ಇ-ಗ್ರಂಥಾಲಯ ತಂತ್ರಾಂಶ ಸರ್ಕಾರಿ ಗ್ರಂಥಾಲಯಗಳಿಗೆ ದುಡ್ಡಿಲ್ಲದೆ ಸಿಗುತ್ತದಲ್ಲ, ಅದೇ ಸಾಲದೇ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಏನೂ ಇಲ್ಲದ ಕಡೆ ಅದನ್ನು ಹಾಕಿದರೂ ನಾನು ಸ್ವಾಗತಿಸುತ್ತೇನೆ. ಆದರೆ ಉಚಿತ ಬೇರೆ, ಮುಕ್ತ ಬೇರೆ. ಉಚಿತವಾಗಿ ಕೊಟ್ಟದ್ದನ್ನು ನಾವು ಬಿಚ್ಚಿ ನೋಡಿ ನಮ್ಮ ಕೆಲಸಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಲು ಆಗುವುದಿಲ್ಲ. ಯಾವುದನ್ನು ಆರಿಸಿದರೂ ಎರಡು ಷರತ್ತು ಮಾತ್ರ ಬಿಡಬೇಡಿ. ಕನ್ನಡ ಯೂನಿಕೋಡಿನಲ್ಲೇ ಇರಬೇಕು, ಅದೇನು ಅಂತ ಮುಂದೆ ಹೇಳುತ್ತೇನೆ. ಮಾಹಿತಿಯನ್ನು ಪೂರ್ತಿಯಾಗಿ ಮಾರ್ಕ್ ರೂಪದಲ್ಲಿ ಹೊರಗೆ ತೆಗೆಯಲು ಬರಬೇಕು.

ಮಾರ್ಕ್ ಅಂದರೆ ಪುಸ್ತಕದ ಮಾಹಿತಿಯನ್ನು ಕಂಪ್ಯೂಟರಿಗೆ ಕೊಡುವ ಒಂದು ಒಪ್ಪಿತ ಕ್ರಮ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹುಟ್ಟಿದ್ದು. 100ನೇ ಮನೆಯಲ್ಲಿ ಲೇಖಕರ ಹೆಸರು, 245ರಲ್ಲಿ ಪುಸ್ತಕದ ಹೆಸರು, 020ರಲ್ಲಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್, ಹೀಗೆ. ಎಲ್ಲರೂ ಅದೇ ಕ್ರಮ ಹಿಡಿದರೆ ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಮತ್ತೆ ಟೈಪ್ ಮಾಡಬೇಕಿಲ್ಲ. ಹೊಳಲ್ಕೆರೆಯಲ್ಲಿ ಒಬ್ಬರು ಮಾಡಿದ ದಾಖಲೆಯನ್ನು ಚಳ್ಳಕೆರೆಯವರು ಹಾಗೇ ತೆಗೆದುಕೊಳ್ಳಬಹುದು. ಇಂಗ್ಲಿಷ್ ಪುಸ್ತಕಗಳಾದರೆ ಇನ್ನೂ ಸುಲಭ. ದೊಡ್ಡ ಗ್ರಂಥಾಲಯಗಳ ದಾಖಲೆಯನ್ನು ಇಂಟರ್ನೆಟ್ಟಿನಲ್ಲೇ ಎಳೆದುಕೊಳ್ಳುವ ವ್ಯವಸ್ಥೆ ಕೊಹಾದೊಳಗೇ ಇದೆ.

ಕಷ್ಟ ಇರುವುದು ಕನ್ನಡ ಪುಸ್ತಕಗಳಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತರಬೇತಿ ಯಾಕೆ ಬೇಕು ಅನ್ನುವುದು ಇಲ್ಲೇ ಚೆನ್ನಾಗಿ ಕಾಣುತ್ತದೆ.

ಕೆಲವು ಗ್ರಂಥಾಲಯಗಳಲ್ಲಿ ಹಿಂದೆ ಕಷ್ಟಪಟ್ಟು ಪುಸ್ತಕಗಳ ಪಟ್ಟಿ ಟೈಪ್ ಮಾಡಿಟ್ಟಿದ್ದಾರೆ. ಆದರೆ ಅದು ಹಳೇ ಫಾಂಟುಗಳಲ್ಲಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ಕಲಸುಮೇಲೋಗರ. ಹುಡುಕಿದರೆ ಏನೂ ಸಿಗುವುದಿಲ್ಲ, ಅಕಾರಾದಿಯಲ್ಲಿ ಜೋಡಿಸಲೂ ಬರುವುದಿಲ್ಲ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಮುಕ್ತವಾಗಿ ಸಿಗುತ್ತವೆ. ಅರ್ಕಾವತ್ತು, ದೀರ್ಘ, ಒತ್ತಕ್ಷರಗಳು ಕೆಲವೊಮ್ಮೆ ಕೈಕೊಡುತ್ತವೆ, ಕೂತು ತಿದ್ದಬೇಕು. ತಿದ್ದುವವರಿಗೆ ಕನ್ನಡವೂ ಗೊತ್ತಿರಬೇಕು, ಪುಸ್ತಕವೂ ಗೊತ್ತಿರಬೇಕು. ಅಂಥವರು ಲೈಬ್ರರಿಯಲ್ಲೇ ಇದ್ದಾರೆ.

ಇನ್ನೊಂದು ಉದಾಹರಣೆ ನಮ್ಮ ದುರ್ಗದ್ದೇ. ಇಲ್ಲಿ ಯಾವ ಲೈಬ್ರರಿಗೆ ಹೋದರೂ ತ.ರಾ.ಸು. ಅವರ ಕಾದಂಬರಿ ಕೇಳುವವರು ಇರುತ್ತಾರೆ. ಆದರೆ ಅವರ ಹೆಸರನ್ನು ಪಟ್ಟಿಯಲ್ಲಿ ಹೇಗೆ ಬರೆಯುತ್ತೀರಿ? ಒಬ್ಬರು ತ.ರಾ.ಸು. ಅಂತ ಚುಕ್ಕಿ ಹಾಕಿ ಬರೆಯುತ್ತಾರೆ. ಇನ್ನೊಬ್ಬರು ಚುಕ್ಕಿ ಇಲ್ಲದೆ ತರಾಸು. ಮತ್ತೊಬ್ಬರು ಟಿ.ಆರ್. ಸುಬ್ಬರಾವ್. ಪೂರ್ತಿ ಬರೆಯುವವರು ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಸುಬ್ಬರಾಯ ಅಂತ ಬರೆದದ್ದೂ ಉಂಟು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಹುಡುಗನೊಬ್ಬ ಬಂದು ತರಾಸು ಅಂತ ಹುಡುಕಿದರೆ ಎರಡು ಪುಸ್ತಕ ಸಿಗುತ್ತದೆ, ಉಳಿದ ಹತ್ತು ಕಪಾಟಿನಲ್ಲೇ ಉಳಿಯುತ್ತವೆ. ಇದನ್ನು ಸರಿಮಾಡಲು ಅಥಾರಿಟಿ ಫೈಲ್ ಅಂತ ಒಂದು ವ್ಯವಸ್ಥೆ ಇದೆ. ಒಂದು ಹೆಸರನ್ನು ಮುಖ್ಯ ಅಂತ ಗೊತ್ತುಮಾಡಿ, ಉಳಿದ ರೂಪಗಳನ್ನು ಅದಕ್ಕೆ ಕಟ್ಟುವುದು. ಯಾವ ರೂಪ ಹುಡುಕಿದರೂ ಎಲ್ಲ ಪುಸ್ತಕ ಬರುತ್ತದೆ. ಕೊಹಾದಲ್ಲಿ ಇದಕ್ಕೆ ಜಾಗ ಇದೆ. ಆದರೆ ಆ ಜಾಗ ತುಂಬುವುದು ತಂತ್ರಾಂಶದ ಕೆಲಸವಲ್ಲ, ಗೊತ್ತಿರುವ ಮನುಷ್ಯರ ಕೆಲಸ. ದುರ್ಗದ ಲೇಖಕರ ಅಥಾರಿಟಿ ಫೈಲನ್ನು ಬೆಂಗಳೂರಿನ ಕಂಪನಿ ಮಾಡಿಕೊಡುತ್ತದೆ ಅಂತ ಕಾಯಬಾರದು. ನಾವು ಒಂದು ಸಲ ಮಾಡಿದರೆ ಇಡೀ ರಾಜ್ಯಕ್ಕೆ ಕೊಡಬಹುದು.

ಸ್ಕ್ಯಾನ್ ಮಾಡುವ ವಿಷಯಕ್ಕೂ ಇದೇ ಮಾತು. ಡಿಜಿಟಲ್ ಅಂದ ಕೂಡಲೇ ಸಿಕ್ಕಿದ್ದೆಲ್ಲ ಸ್ಕ್ಯಾನ್ ಮಾಡಲು ಹೊರಡುವವರಿದ್ದಾರೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದ್ದು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ಕಾದಂಬರಿಯನ್ನು 2045ಕ್ಕಿಂತ ಮುಂಚೆ ಅನುಮತಿ ಇಲ್ಲದೆ ಇಂಟರ್ನೆಟ್ಟಿಗೆ ಹಾಕುವಂತಿಲ್ಲ. ಇದು ಗೊತ್ತಿಲ್ಲದೆ ಹಾಕಿದರೆ ಸಿಕ್ಕಿಬೀಳುವುದು ಪಾಪ ಲೈಬ್ರರಿಯವರೇ.

ಆದರೆ ನಮ್ಮಲ್ಲಿ ಮಾತ್ರ ಇರುವ, ಬೇರೆಲ್ಲೂ ಸಿಗದ ವಸ್ತುಗಳಿವೆ. ಹಳೇ ಶಾಲೆಗಳ ಸ್ಮರಣ ಸಂಚಿಕೆಗಳು, ಜಿಲ್ಲಾ ಸಾಹಿತ್ಯ ಸಮ್ಮೇಳನದ ಸಂಚಿಕೆಗಳು, ಜಾತ್ರೆಯ ಕರಪತ್ರಗಳು, ನಾಟಕದ ಹ್ಯಾಂಡ್‌ಬಿಲ್‌ಗಳು. ಇವುಗಳನ್ನು ಹೊರತಂದವರು ಇಲ್ಲೇ ಇದ್ದಾರೆ, ಕೇಳಿದರೆ ಒಪ್ಪುತ್ತಾರೆ. ಇವು ಗೆದ್ದಲು ಹಿಡಿಯುವ ಮುಂಚೆ ಉಳಿಸಬೇಕು. ಉಳಿಸಿಡಲು ಡಿಸ್ಪೇಸ್ ಅನ್ನುವ ಮುಕ್ತ ತಂತ್ರಾಂಶ ಇದೆ, 2002ರಲ್ಲಿ ಅಮೆರಿಕದ ಎಂಐಟಿ ಮತ್ತು ಎಚ್‌ಪಿ ಸೇರಿ ಹೊರತಂದದ್ದು. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ತೆಗೆಯಲು ಟೆಸರಾಕ್ಟ್ ಇದೆ, ಅದಕ್ಕೆ ಕನ್ನಡವೂ ಬರುತ್ತದೆ. ಅಚ್ಚು ಚೆನ್ನಾಗಿದ್ದರೆ ಚೆನ್ನಾಗಿ ಓದುತ್ತದೆ. ಹಳೇ ಅಚ್ಚಾದರೆ ತಪ್ಪು ಜಾಸ್ತಿ, ತಿದ್ದಬೇಕು.

ಇನ್ನು ಯಂತ್ರಗಳ ಮಾತು. ವಿಂಡೋಸ್ 10ಕ್ಕೆ ಅದರ ಕಂಪನಿ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸ್ವಲ್ಪ ಹಳೇ ಕಂಪ್ಯೂಟರುಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಅವನ್ನೆಲ್ಲ ಮೂಲೆಗೆ ಹಾಕಿ ಹೊಸ ಟೆಂಡರ್ ಕರೆಯುವ ಮುಂಚೆ ಒಮ್ಮೆ ಲಿನಕ್ಸ್ ಹಾಕಿ ನೋಡಿ. ಪೆನ್‌ಡ್ರೈವ್‌ನಿಂದಲೇ ನಡೆಸಿ ಪರೀಕ್ಷೆ ಮಾಡಬಹುದು, ಕಂಪ್ಯೂಟರಿನಲ್ಲಿ ಇರುವುದಕ್ಕೆ ಏನೂ ಆಗುವುದಿಲ್ಲ. ಹಳ್ಳಿ ಲೈಬ್ರರಿಯಲ್ಲಿ ಪುಸ್ತಕ ಹುಡುಕಲು, ಅರ್ಜಿ ಹಾಕಲು, ಮಕ್ಕಳು ಪಾಠದ ವಿಡಿಯೊ ನೋಡಲು ಆ ಹಳೇ ಕಂಪ್ಯೂಟರ್ ಇನ್ನೂ ಕೆಲವು ವರ್ಷ ಸಾಕಾಗುತ್ತದೆ.

ಈಗ ತರಬೇತಿಯ ಬಗ್ಗೆ. ಮಾನ್ಯರೇ, ನಾವು ಎಷ್ಟೋ ತರಬೇತಿಗೆ ಹೋಗಿದ್ದೇವೆ. ಬೆಳಿಗ್ಗೆ ಉದ್ಘಾಟನೆ. ಆಮೇಲೆ ಪರದೆಯ ಮೇಲೆ ಯಾರೋ ಇಂಗ್ಲಿಷಿನಲ್ಲಿ ತೋರಿಸುತ್ತಾರೆ, ನೂರು ಜನ ನೋಡುತ್ತಾರೆ. ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟ್, ಗ್ರೂಪ್ ಫೋಟೊ. ಮರುದಿನ ಲೈಬ್ರರಿಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ. ಈಜು ಕಲಿಯುವವರನ್ನು ದಡದಲ್ಲಿ ಕೂರಿಸಿ ಈಜುವವರನ್ನು ತೋರಿಸಿದ ಹಾಗೆ ಆಗುತ್ತದೆ. ತೋರಿಸಿದವರು ಒಳ್ಳೆಯವರೇ, ನೋಡಿದವರೂ ಶ್ರದ್ಧೆಯಿಂದಲೇ ನೋಡಿರುತ್ತಾರೆ. ಕ್ರಮ ಸರಿಯಿಲ್ಲ, ಅಷ್ಟೆ.

ಬೇರೆ ಥರ ಮಾಡೋಣ. ಒಂದು ತಂಡದಲ್ಲಿ ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ತಲಾ ಒಂದು ಕಂಪ್ಯೂಟರ್ ಇರಲಿ. ಪ್ರತಿಯೊಬ್ಬರೂ ತಮ್ಮ ಲೈಬ್ರರಿಯ ಐವತ್ತು ಪುಸ್ತಕ ಚೀಲದಲ್ಲಿ ತರಲಿ, ಆ ಪುಸ್ತಕಗಳನ್ನೇ ಕ್ಯಾಟಲಾಗ್ ಮಾಡಲಿ. ಎರಡು ದಿನ ಕಲಿತು ಊರಿಗೆ ಹೋಗಲಿ, ಒಂದು ತಿಂಗಳು ಕೆಲಸ ಮಾಡಿ, ಎಲ್ಲಿ ಸಿಕ್ಕಿಕೊಂಡರೋ ಬರೆದುಕೊಂಡು ಮತ್ತೆ ಬರಲಿ. ಹೀಗೆ ಐದಾರು ಸಲ ಆದರೆ ಕೈಗೆ ಹತ್ತುತ್ತದೆ. ಕನ್ನಡದಲ್ಲಿ ಟೈಪ್ ಮಾಡುವುದರಿಂದಲೇ ಶುರು ಮಾಡಬೇಕು. ಯೂನಿಕೋಡ್ ಅಂದರೇನು, ಬ್ಯಾಕಪ್ ತೆಗೆಯುವುದು ಹೇಗೆ, ತೆಗೆದ ಬ್ಯಾಕಪ್ಪಿನಿಂದ ಮತ್ತೆ ಎಬ್ಬಿಸುವುದು ಹೇಗೆ, ಎಲ್ಲ ಕೈಯಿಂದ ಮಾಡಿ ಕಲಿಯಬೇಕು. ಬ್ಯಾಕಪ್ ತೆಗೆದವರು ಎಷ್ಟೋ ಜನ, ಅದರಿಂದ ಮತ್ತೆ ಎಬ್ಬಿಸಿ ನೋಡಿದವರು ಕಡಿಮೆ.

ತರಬೇತಿಯ ದಿನಗಳಿಗೆ ಓಓಡಿ ಕೊಡಿ, ಅಂದರೆ ಆ ದಿನಗಳನ್ನು ರಜೆಯಲ್ಲ, ಕೆಲಸ ಅಂತಲೇ ಲೆಕ್ಕ ಹಾಕಿ. ಹಳ್ಳಿ ಲೈಬ್ರರಿಯ ಮೇಲ್ವಿಚಾರಕರಿಗೆ ಬಸ್ ಚಾರ್ಜು, ಭತ್ಯೆ ಕೊಡಿ. ಅವರಿಗೆ ಕೈಯಿಂದ ಹಾಕಿಕೊಂಡು ಬನ್ನಿ ಅನ್ನುವುದು ನ್ಯಾಯವಲ್ಲ. ಹೆಣ್ಣುಮಕ್ಕಳು ಸಂಜೆ ಮನೆ ಸೇರಬೇಕು. ಆದ್ದರಿಂದ ಎಲ್ಲರನ್ನೂ ದುರ್ಗಕ್ಕೆ ಕರೆಸುವ ಬದಲು ತಾಲ್ಲೂಕಿನಲ್ಲೇ ಮಾಡಿ. ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳು ರಜೆಯಲ್ಲಿ ಖಾಲಿ ಇರುತ್ತವೆ.

ಇದು ಆಗುವ ಮಾತಾ ಅನ್ನುವ ಅನುಮಾನ ಬೇಡ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು. ಮುಂದೆ ಶಾಲೆಗಳ ಕಂಪ್ಯೂಟರ್ ಪಾಠ ಪೂರ್ತಿ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ಅಲ್ಲಿ ಮಾಸ್ತರುಗಳಿಗೆ ಕಲಿಸಿದ್ದು ಹೊರಗಿನ ಕಂಪನಿಯಲ್ಲ. ಮೊದಲು ಕಲಿತ ಮಾಸ್ತರುಗಳೇ ಉಳಿದವರಿಗೆ ಕಲಿಸಿದರು. ನಮ್ಮ ಜಿಲ್ಲೆಯಲ್ಲೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ವಿಜ್ಞಾನ, ಗಣಿತದ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದೆ. ವಸತಿ ಇದೆ, ಲ್ಯಾಬ್ ಇದೆ, ಕಲಿಸಿದ ಅನುಭವ ಇದೆ. ಗ್ರಂಥಪಾಲಕರಿಗೂ ಒಂದು ಬ್ಯಾಚ್ ಮಾಡಿಕೊಡಿ ಅಂತ ಜಿಲ್ಲಾಡಳಿತ ಕೇಳಿದರೆ ಅವರು ಇಲ್ಲ ಅನ್ನಲಾರರು ಅಂತ ನನ್ನ ನಂಬಿಕೆ. ಗ್ರಂಥಾಲಯ ವಿಜ್ಞಾನದ ಪಾಠಕ್ಕೆ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಕಟ್ಟಿದ ಡಿಆರ್‌ಟಿಸಿ ಅನ್ನುವ ಸಂಶೋಧನೆ, ತರಬೇತಿ ಕೇಂದ್ರ ಇದೆ. ನಮ್ಮ ಜಿಲ್ಲೆಯ ಪಕ್ಕದಲ್ಲೇ ದಾವಣಗೆರೆ ವಿಶ್ವವಿದ್ಯಾಲಯ ಇದೆ.

ದುಡ್ಡಿನ ಮೂಲವೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಜನ ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಸೇರಿರುತ್ತದೆ. ಹೆಚ್ಚಿನವರಿಗೆ ತಾವು ಅದನ್ನು ಕಟ್ಟುತ್ತಿರುವುದೇ ಗೊತ್ತಿಲ್ಲ. ಆ ದುಡ್ಡಿನ ಸಣ್ಣ ಪಾಲು ತರಬೇತಿಗೆ ಹೋಗಲಿ. ಹೊಸ ತಂತ್ರಾಂಶದ ಟೆಂಡರ್ ಕರೆಯುವಾಗ ಕಮಿಟಿಯಲ್ಲಿ ಕೆಲಸ ಮಾಡುವ ಗ್ರಂಥಪಾಲಕರು ಒಬ್ಬರಾದರೂ ಇರಲಿ. ಮತ್ತು ಜಿಲ್ಲೆಗೆ ಒಬ್ಬರು, ಸರ್ವರ್ ನೋಡಿಕೊಳ್ಳಲು, ಫೋನ್ ಮಾಡಿದರೆ ಕನ್ನಡದಲ್ಲಿ ಉತ್ತರ ಕೊಡಲು ಬೇಕು. ಈ ಜಿಲ್ಲೆಯಲ್ಲಿ ಕಂಪ್ಯೂಟರ್ ಓದಿ ಕೆಲಸ ಹುಡುಕುತ್ತಿರುವ ಮಕ್ಕಳು ಬೇಕಾದಷ್ಟು ಇದ್ದಾರೆ.

ನನ್ನ ಕಡೆಯಿಂದ ಆಗುವುದನ್ನೂ ಹೇಳುತ್ತೇನೆ. ನಮ್ಮ ಕಾಲೇಜಿನ ಲ್ಯಾಬನ್ನು ರಜೆಯಲ್ಲಿ ಬಿಟ್ಟುಕೊಡಲು ಪ್ರಾಂಶುಪಾಲರು ಒಪ್ಪಿದ್ದಾರೆ. ಕೊಹಾ ಬಳಸಿ ಅಭ್ಯಾಸವಿರುವ ನಾವು ಕೆಲವರು ಗ್ರಂಥಪಾಲಕರು ಸಂಭಾವನೆ ಇಲ್ಲದೆ ಬಂದು ಕಲಿಸುತ್ತೇವೆ. ಯಾವ ತಾಲ್ಲೂಕು ಕರೆದರೂ ಬರುತ್ತೇವೆ. ನನ್ನನ್ನು ಕೇಳಿದರೆ ಮೊಳಕಾಲ್ಮೂರಿನಿಂದ ಶುರು ಮಾಡಿ. ದುರ್ಗದಿಂದ ದೂರ ಇರುವವರ ಸರದಿ ಯಾವಾಗಲೂ ಕೊನೆಗೆ ಬರುತ್ತದೆ. ಈ ಸಲ ಅವರೇ ಮೊದಲಾಗಲಿ.

ಇಂತಿ ನಿಮ್ಮ ವಿಶ್ವಾಸಿ,
ಪದವಿ ಕಾಲೇಜೊಂದರ ಗ್ರಂಥಪಾಲಕಿ,
ಚಿತ್ರದುರ್ಗ ಜಿಲ್ಲೆ